ಋಣಸಂಖ್ಯೆಗೆ ವರ್ಗಮೂಲ ಇದೆಯೇ? ಕಾರ್ನಾಪ್ ಕುರಿತ ಪ್ರಶ್ನೆಯೊಂದಕ್ಕೆ ಉತ್ತರ

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಅನುಭವಕ್ಕೆ ಸಿಗದ್ದನ್ನು ಇದೆಯೆಂದು ಒಪ್ಪಬಾರದು ಎಂಬುದು ನನ್ನ ನಿಲುವು. ಹಾಗಿದ್ದೂ ದಿನವೂ ಕರಿಹಲಗೆಯ ಮೇಲೆ ‘ಇಂಥದೊಂದು ಸಂಖ್ಯೆ ಅಸ್ತಿತ್ವದಲ್ಲಿದೆ’ ಎಂದು ಬರೆಯುತ್ತೇನೆ. ಈ ಇಕ್ಕಟ್ಟಿಗೆ 20ನೆಯ ಶತಮಾನದ ತತ್ತ್ವಜ್ಞಾನಿ ರುಡಾಲ್ಫ್ ಕಾರ್ನಾಪ್ ಪರಿಹಾರ ಸೂಚಿಸಿದ್ದಾರೆಂದು ಓದಿದೆ. ಆದರೆ ‘ಸಂಖ್ಯೆಗಳು ನಿಜಕ್ಕೂ ಇವೆಯೇ’ ಎಂಬ ಪ್ರಶ್ನೆಗೇ ಅರ್ಥವಿಲ್ಲ ಎನ್ನುವುದು ಜಾರಿಕೊಳ್ಳುವ ಉಪಾಯದಂತೆ ಕಾಣುತ್ತದೆ. ಅಮೆರಿಕದ ತತ್ತ್ವಜ್ಞಾನಿ ಕ್ವೈನ್ ಅದನ್ನು ಖಂಡಿಸಿದ ಮೇಲೆ ಅದರಲ್ಲಿ ಉಳಿದಿರುವುದಾದರೂ ಏನು? ಅಲ್ಲದೆ ಇದು ನಮ್ಮ ಜೈನರ ಸ್ಯಾದ್ವಾದವೇ ಅಲ್ಲವೇ?

ಉತ್ತರ: ಸ್ಯಾದ್ವಾದದ, ಅಂದರೆ ಒಂದು ದೃಷ್ಟಿಯಿಂದ ಇದೆ, ಇನ್ನೊಂದರಿಂದ ಇಲ್ಲ ಎನ್ನುವ ವಾದದ ಮಾತಿಗೆ ಕಡೆಯಲ್ಲಿ ಬರುತ್ತೇನೆ. ಮೊದಲು ನಿಮ್ಮ ಇಕ್ಕಟ್ಟು ಹಳೆಯದು ಎಂಬುದನ್ನು ನೆನಪಿಸಬೇಕು. ಎಲ್ಲ ಜ್ಞಾನಕ್ಕೂ ಅನುಭವವೇ ಮೂಲ ಎಂದವರಿಗೆ ಗಣಿತ ಯಾವಾಗಲೂ ಗಂಟಲಲ್ಲಿ ಸಿಕ್ಕ ಮುಳ್ಳಾಗಿದೆ. ಡೇವಿಡ್ ಹ್ಯೂಮ್ 1748ರಲ್ಲಿ, ಅನುಭವದ ಆಧಾರವಿಲ್ಲದ ಗ್ರಂಥಗಳನ್ನು ಬೆಂಕಿಗೆ ಹಾಕಿ ಎಂದು ಹೇಳುವಾಗಲೂ ಪರಿಮಾಣ ಮತ್ತು ಸಂಖ್ಯೆಗಳ ಕುರಿತ ತರ್ಕಕ್ಕೆ ವಿನಾಯಿತಿ ಕೊಟ್ಟಿದ್ದನು. ಜಾನ್ ಸ್ಟುಅರ್ಟ್ ಮಿಲ್‌ಗೆ ಆ ವಿನಾಯಿತಿ ಒಪ್ಪಿಗೆಯಾಗಲಿಲ್ಲ. ಎರಡೂ ಎರಡೂ ಸೇರಿ ನಾಲ್ಕು ಎಂಬುದು ಕೂಡ ಕಲ್ಲುಹರಳುಗಳನ್ನು ಕೂಡಿಸಿ ಬೇರ್ಪಡಿಸಿ ಕಂಡುಕೊಂಡ ಸಾಮಾನ್ಯ ನಿಯಮವೇ ಎಂದು 1843ರಲ್ಲಿ ಅವನು ವಾದಿಸಿದನು. 1884ರಲ್ಲಿ ಜರ್ಮನ್ ತರ್ಕಶಾಸ್ತ್ರಜ್ಞ ಗಾಟ್ಲೋಬ್ ಫ್ರೆಗೆ ಇದನ್ನು ನಿರ್ದಯವಾಗಿ ಗೇಲಿಮಾಡಿದನು: 18 ಅಂಕಿಗಳ ಸಂಖ್ಯೆಯೊಂದರ ವ್ಯಾಖ್ಯೆಯ ಹಿಂದೆ ಇರಬೇಕಾದ ಭೌತಿಕ ಸಂಗತಿಯನ್ನು ಕಣ್ಣಾರೆ ಕಂಡವರು ಯಾರು? ಫ್ರೆಗೆಯ ಪ್ರಕಾರ ಸಂಖ್ಯೆಗಳು ನಮ್ಮ ಮನಸ್ಸಿನಲ್ಲೂ ಇಲ್ಲ, ಹೊರಗಿನ ಜಗತ್ತಿನಲ್ಲೂ ಇಲ್ಲ, ಆದರೂ ಅವು ವಸ್ತುಗಳೇ. ಯೇನಾ ವಿಶ್ವವಿದ್ಯಾಲಯದಲ್ಲಿ ಈ ಫ್ರೆಗೆಯ ತರಗತಿಯಲ್ಲಿ ಕುಳಿತಿದ್ದ ಬೆರಳೆಣಿಕೆಯ ವಿದ್ಯಾರ್ಥಿಗಳಲ್ಲಿ ಕಾರ್ನಾಪ್ ಒಬ್ಬರು. ಮುಂದೆ 1926ರಲ್ಲಿ ವಿಯೆನ್ನಾಕ್ಕೆ ಹೋಗಿ ಅಲ್ಲಿಯ ತಾರ್ಕಿಕ ಅನುಭವವಾದಿಗಳ, ಅಂದರೆ ಅನುಭವ ಮತ್ತು ತರ್ಕಗಳನ್ನಷ್ಟೇ ಜ್ಞಾನದ ಆಧಾರವೆಂದು ಒಪ್ಪುವವರ, ‘ವಿಯೆನ್ನಾ ವೃತ್ತ’ ಸೇರಿದವರೂ ಅವರೇ. ಅಂದರೆ ನಿಮ್ಮ ಇಕ್ಕಟ್ಟಿನ ಎರಡು ಬದಿಗಳನ್ನೂ ಅವರು ಗುರುಗಳಿಂದಲೂ ಗೆಳೆಯರಿಂದಲೂ ನೇರವಾಗಿ ಪಡೆದುಕೊಂಡಿದ್ದರು.

ನೀವು ಓದಿದ ವಾದ ಇರುವುದು 1950ರಲ್ಲಿ ಪ್ರಕಟವಾದ ‘ಅನುಭವವಾದ, ಅರ್ಥವಿಜ್ಞಾನ ಮತ್ತು ಸತ್ತಾಮೀಮಾಂಸೆ’ ಎಂಬ ಪ್ರಬಂಧದಲ್ಲಿ. (ಸತ್ತಾಮೀಮಾಂಸೆ ಎಂದರೆ ಏನೇನು ಇದೆ ಎಂಬುದರ ವಿಚಾರ.) ಅದು ಹುಟ್ಟಿದ್ದು ಒಂದು ಆಪಾದನೆಗೆ ಉತ್ತರವಾಗಿ. ಅರ್ಥ ಮತ್ತು ಅನಿವಾರ್ಯತೆಯ ಬಗ್ಗೆ ಕಾರ್ನಾಪ್ 1947ರಲ್ಲಿ ಬರೆದ ಪುಸ್ತಕದಲ್ಲಿ ಗುಣಗಳು, ಸಂಖ್ಯೆಗಳು, ಪ್ರತಿಜ್ಞೆಗಳು (ವಾಕ್ಯಗಳು ತಿಳಿಸುವ ಅರ್ಥಗಳು) ಮುಂತಾದ ಅಮೂರ್ತಗಳ ಬಗ್ಗೆ ಧಾರಾಳವಾಗಿ ಮಾತಿತ್ತು. ಆಕ್ಸ್‌ಫರ್ಡಿನ ಗಿಲ್ಬರ್ಟ್ ರೈಲ್ 1949ರಲ್ಲಿ ಅದನ್ನು ವಿಮರ್ಶಿಸುತ್ತ, ನಾಯಿಗೆ ಒಂದು ಹೆಸರಿರುವಂತೆ ಪ್ರತಿ ಪದಕ್ಕೂ ಒಂದು ವಸ್ತು ಇರಲೇಬೇಕೆಂದು ಕಾರ್ನಾಪ್ ಭಾವಿಸಿದ್ದಾರೆ ಎಂದು ಟೀಕಿಸಿದರು. ಇಪ್ಪತ್ತು ವರ್ಷ ತತ್ತ್ವಮೀಮಾಂಸೆಯನ್ನು ಅರ್ಥಹೀನವೆಂದು ಜರೆದವರೇ, ಅಮೂರ್ತಗಳು ನಮ್ಮನ್ನು ಅವಲಂಬಿಸದೆ ಇರುವ ಪ್ಲೇಟೋನ ಲೋಕವನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಳ್ಳುತ್ತಿದ್ದಾರೆ ಎಂಬ ಅನುಮಾನಕ್ಕೆ ಕಾರ್ನಾಪ್ ಜವಾಬು ಕೊಡಬೇಕಿತ್ತು.

ಆ ಜವಾಬಿನ ತಿರುಳು ಎರಡು ಬಗೆಯ ಪ್ರಶ್ನೆಗಳನ್ನು ಬೇರ್ಪಡಿಸುವುದರಲ್ಲಿದೆ. ಹೊಸ ಬಗೆಯ ವಸ್ತುಗಳ ಬಗ್ಗೆ ಮಾತಾಡಬೇಕಾದಾಗ ನಾವು ಹೊಸ ಪದಗಳನ್ನೂ ಅವುಗಳ ಬಳಕೆಯ ನಿಯಮಗಳನ್ನೂ ತರುತ್ತೇವೆ. ಇದನ್ನು ಅವರು ಭಾಷಾ ಚೌಕಟ್ಟು ಎಂದರು. ಆ ಚೌಕಟ್ಟಿನ ನಿಯಮಗಳ ಪ್ರಕಾರ ಉತ್ತರಿಸಬಹುದಾದದ್ದು ಒಳಗಿನ ಪ್ರಶ್ನೆ; ಚೌಕಟ್ಟಿನ ವಸ್ತುಗಳು ಒಟ್ಟಾರೆಯಾಗಿ ಇವೆಯೇ ಎಂದು ಕೇಳುವುದು ಹೊರಗಿನ ಪ್ರಶ್ನೆ. ಕನ್ನಡದಲ್ಲಿ ಈ ಹೆಜ್ಜೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ‘ಮನೆಯಲ್ಲಿ ಐವರಿದ್ದಾರೆ’, ‘ಹಿತ್ತಲಲ್ಲಿ ಐದು ತೆಂಗಿನ ಮರಗಳಿವೆ’ ಎನ್ನುವಾಗ ಸಂಖ್ಯಾವಾಚಕವು ತಾನು ಎಣಿಸುವುದಕ್ಕೆ ಅಂಟಿಕೊಂಡಿರುತ್ತದೆ, ಎಣಿಸುತ್ತಿರುವುದು ಮನುಷ್ಯರನ್ನಾದರೆ ರೂಪವನ್ನೂ ಬದಲಿಸುತ್ತದೆ. ‘ಐದು ಒಂದು ಬೆಸಸಂಖ್ಯೆ’ ಎಂದಾಗ ಆ ಅಂಟು ಬಿಟ್ಟಿರುತ್ತದೆ. ‘ಐವರು ಬೆಸಸಂಖ್ಯೆ’ ಎಂದು ಯಾರೂ ಹೇಳುವುದಿಲ್ಲ. ಈಗ ‘ಐದು’ ಒಂದು ಹೆಸರು, ‘ಸಂಖ್ಯೆ’ ಒಂದು ವರ್ಗಸೂಚಕ, ಜೊತೆಗೆ ‘ಎಲ್ಲ ಸಂಖ್ಯೆಗಳಿಗೂ’, ‘ಯಾವುದೋ ಒಂದು ಸಂಖ್ಯೆಗೆ’ ಎಂದು ಹೇಳಲು ಬೇಕಾದ ಚರಾಕ್ಷರಗಳು ಸೇರಿಕೊಳ್ಳುತ್ತವೆ. ಇಷ್ಟಾದರೆ ಚೌಕಟ್ಟು ಸಿದ್ಧ. ನೂರಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಇದೆಯೇ ಎಂಬುದು ಅದರೊಳಗಿನ ಪ್ರಶ್ನೆ, 101ನ್ನು ತೋರಿಸಿದರೆ ಉತ್ತರ ಮುಗಿಯಿತು. ಸಂಖ್ಯೆಗಳಿವೆಯೇ ಎಂದು ಒಳಗಿನಿಂದಲೇ ಕೇಳಿದರೆ ‘ಐದು ಒಂದು ಸಂಖ್ಯೆ’ ಎಂಬ ವಾಕ್ಯದಿಂದಲೇ ‘ಹೌದು’ ಎಂದು ಬರುತ್ತದೆ, ಆದರೆ ಅದು ಎಷ್ಟು ಸಪ್ಪೆಯ ಉತ್ತರವೆಂದರೆ ತತ್ತ್ವಜ್ಞಾನಿ ಕೇಳಿದ್ದು ಅದಲ್ಲವೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅವನು ಕೇಳಿದ್ದು ಚೌಕಟ್ಟಿಗೂ ಮೊದಲೇ ಸಂಖ್ಯೆಗಳು ‘ನಿಜಕ್ಕೂ’ ಇವೆಯೇ ಎಂದು. ಆ ‘ನಿಜಕ್ಕೂ’ ಎಂಬ ಪದಕ್ಕೆ ಯಾವ ನಿಯಮದಿಂದ ಅರ್ಥ ಬರುತ್ತದೆ, ಯಾವ ಸಾಕ್ಷ್ಯ ಸಿಕ್ಕರೆ ‘ಹೌದು’, ಯಾವುದು ಸಿಕ್ಕರೆ ‘ಇಲ್ಲ’ ಎಂದು ಯಾರೂ ಇದುವರೆಗೆ ಹೇಳಿಲ್ಲ ಎಂಬುದು ಕಾರ್ನಾಪರ ದೂರು.

ನೀವು ಗಣಿತದವರಾದ್ದರಿಂದ ಈ ವ್ಯತ್ಯಾಸವನ್ನು ಒಂದು ನಿಜವಾದ ಪ್ರಕರಣದಲ್ಲಿ ನೋಡೋಣ. ಅದು ಶುರುವಾಗುವುದು ನಮ್ಮ ನೆಲದಲ್ಲಿಯೇ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಧನದ ವರ್ಗವೂ ಋಣದ ವರ್ಗವೂ ಧನವೇ ಎಂದು ಹೇಳಿ, ಋಣವು ಸ್ವರೂಪದಿಂದಲೇ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಅಲ್ಲಿ ಖಚಿತವಾಗಿ ನುಡಿಯುತ್ತಾನೆ. ಅವನು ಹೇಳಿದ್ದು ಸರಿಯೇ? ಪೂರ್ತಿ ಸರಿ. ಅವನ ಕೈಯಲ್ಲಿದ್ದ ಧನ-ಋಣಗಳ ನಿಯಮಗಳೊಳಗೆ, ವರ್ಗ ಮಾಡಿದರೆ ಋಣ ಬರುವ ಸಂಖ್ಯೆ ಇಲ್ಲ, ಮತ್ತು ಅವನು ಕೊಟ್ಟ ಕಾರಣವೇ ಅದಕ್ಕೆ ಸಾಧನೆಯೂ ಹೌದು. ಒಳಗಿನ ಪ್ರಶ್ನೆಗೆ ಇದಕ್ಕಿಂತ ಚೊಕ್ಕಟವಾದ ಉತ್ತರ ಬೇಕಿಲ್ಲ.

ಏಳು ಶತಮಾನಗಳ ನಂತರ ಇಟಲಿಯಲ್ಲಿ ಬೇರೆಯೇ ಒತ್ತಡ ಹುಟ್ಟಿತು. ಗಿರೊಲಾಮೊ ಕಾರ್ಡಾನೊ 1545ರಲ್ಲಿ ಪ್ರಕಟಿಸಿದ ಘನ ಸಮೀಕರಣದ ಸೂತ್ರವನ್ನು, x ನ ಘನವು 15x ಮತ್ತು 4ರ ಮೊತ್ತಕ್ಕೆ ಸಮ ಎಂಬ ಸಮೀಕರಣಕ್ಕೆ ಹಾಕಿದರೆ, ನಡುವೆ ಋಣ 121ರ ವರ್ಗಮೂಲ ಬಂದು ನಿಲ್ಲುತ್ತದೆ. ಆದರೆ ಈ ಸಮೀಕರಣಕ್ಕೆ 4 ಎಂಬ ಸಾದಾ ಪರಿಹಾರವಿದೆಯೆಂಬುದು ಮೇಲ್ನೋಟಕ್ಕೇ ಗೊತ್ತಾಗುತ್ತದೆ. ರಫಾಯೆಲ್ ಬೊಂಬೆಲ್ಲಿ 1572ರಲ್ಲಿ ಈ ‘ಇಲ್ಲದ’ ಮೂಲಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಬರೆದು, ಎರಡಕ್ಕೆ ಋಣ ಒಂದರ ವರ್ಗಮೂಲವನ್ನು ಸೇರಿಸಿ ಘನ ಮಾಡಿದರೆ ಸೂತ್ರದಲ್ಲಿದ್ದ ಆ ವಿಚಿತ್ರ ಪದವೇ ಬರುತ್ತದೆಂದು ತೋರಿಸಿದನು. ಅದನ್ನೂ ಅದರ ಜೋಡಿಯನ್ನೂ ಕೂಡಿದರೆ ವಿಚಿತ್ರ ಭಾಗಗಳು ಹೊಡೆದುಹೋಗಿ 4 ಉಳಿಯುತ್ತದೆ. ಗಮನಿಸಿ, ಋಣ ಒಂದರ ವರ್ಗಮೂಲವನ್ನು ಬೊಂಬೆಲ್ಲಿ ಎಲ್ಲಿಂದಲೋ ಹುಡುಕಿ ತಂದದ್ದಲ್ಲ. ಅವನು ಕೊಟ್ಟದ್ದು ನಿಯಮಗಳನ್ನು. ಆದರೂ ಅನುಮಾನ ಬಗೆಹರಿಯಲಿಲ್ಲ. ದೇಕಾರ್ತ್ 1637ರಲ್ಲಿ ಇವಕ್ಕೆ ‘ಕಾಲ್ಪನಿಕ’ ಎಂಬ ಹೆಸರಿಟ್ಟನು. ಉಳಿದವು ‘ವಾಸ್ತವ’ ಎನಿಸಿಕೊಂಡವು. ಹತ್ತನೆಯ ತರಗತಿಯ ನಮ್ಮ ಪಠ್ಯದಲ್ಲಿ ಇಂದಿಗೂ ಉಳಿದಿರುವ ‘ವಾಸ್ತವ ಸಂಖ್ಯೆಗಳು’ ಎಂಬ ಅಧ್ಯಾಯದ ಶೀರ್ಷಿಕೆ ಆ ಹಳೆಯ ಹೊರಗಿನ ಪ್ರಶ್ನೆಯ ಪಳೆಯುಳಿಕೆ. ಎರಡರ ವರ್ಗಮೂಲವನ್ನು ಯಾರೂ ಎಣಿಸಿಲ್ಲ, ಕೈಯಲ್ಲಿ ಹಿಡಿದಿಲ್ಲ, ಆದರೂ ಅದು ‘ವಾಸ್ತವ’ವೆಂಬುದನ್ನು ಮಕ್ಕಳು ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾರೆ.

1837ರಲ್ಲಿ ವಿಲಿಯಂ ರೋವನ್ ಹ್ಯಾಮಿಲ್ಟನ್ ಈ ಸಂಕೀರ್ಣ ಸಂಖ್ಯೆಗಳನ್ನು, ನೀವು ತರಗತಿಯಲ್ಲಿ ಕಾಂಪ್ಲೆಕ್ಸ್ ನಂಬರ್ ಎನ್ನುವವನ್ನು, ವಾಸ್ತವ ಸಂಖ್ಯೆಗಳ ಕ್ರಮಯುಗ್ಮಗಳೆಂದು ವಿವರಿಸಿದಾಗ ಹಳೆಯ ಚೌಕಟ್ಟು ಸುಭದ್ರವಾಗಿದ್ದರೆ ಹೊಸದೂ ಸುಭದ್ರ ಎಂದು ಸ್ಪಷ್ಟವಾಯಿತು. ಈಗ ‘ಋಣ ಒಂದಕ್ಕೆ ವರ್ಗಮೂಲವಿದೆ’ ಎಂಬುದು ಸಾಧಿತ ಸತ್ಯ. ಮಹಾವೀರಾಚಾರ್ಯ ತಪ್ಪು ಮಾಡಿದನೇ? ಇಲ್ಲ. ಅವನ ವಾಕ್ಯ ಅವನ ಚೌಕಟ್ಟಿನಲ್ಲಿ ಇಂದಿಗೂ ಸತ್ಯ, ನಮ್ಮದು ನಮ್ಮ ಚೌಕಟ್ಟಿನಲ್ಲಿ ಸತ್ಯ, ಇವೆರಡರ ನಡುವೆ ವಿರೋಧವೇ ಇಲ್ಲ. ಅವನ ಮಾತಿನಲ್ಲಿ ಕಾರ್ನಾಪ್ ತಕರಾರು ಎತ್ತುವುದಾದರೆ ‘ಸ್ವರೂಪದಿಂದಲೇ’ ಎಂಬ ಒಂದೇ ಪದಕ್ಕೆ. ಆ ಪದ, ಯಾವ ನಿಯಮಗಳನ್ನು ತಂದರೂ ಮೂಲ ಸಿಗದು ಎಂಬ ಭಾವನೆ ಹುಟ್ಟಿಸಿ, ಒಳಗಿನ ಉತ್ತರಕ್ಕೆ ಹೊರಗಿನ ಉತ್ತರದ ವೇಷ ತೊಡಿಸುತ್ತದೆ.

ಇಷ್ಟಾದ ಮೇಲೆ ನಿಮ್ಮ ‘ಜಾರಿಕೊಳ್ಳುವ ಉಪಾಯ’ ಎಂಬ ಆಕ್ಷೇಪಣೆಗೆ ನನ್ನ ಉತ್ತರ ಇಷ್ಟು. ಜಾರಿಕೊಳ್ಳುವವನು ಕೆಲಸ ಕಡಿಮೆ ಮಾಡಿಕೊಳ್ಳುತ್ತಾನೆ, ಕಾರ್ನಾಪ್ ಹೆಚ್ಚಿಸುತ್ತಾರೆ. ಹೊಸ ಚೌಕಟ್ಟನ್ನು ಒಪ್ಪಬೇಕೇ ಬೇಡವೇ ಎಂಬುದು ನಂಬಿಕೆಯ ಪ್ರಶ್ನೆಯಲ್ಲ, ಪ್ರಯೋಜನದ ನಿರ್ಧಾರ ಎಂದಾಗ ಲಾಭನಷ್ಟಗಳ ಲೆಕ್ಕ ಬಿಚ್ಚಿಡಬೇಕಾಗುತ್ತದೆ. ಸಂಕೀರ್ಣ ಸಂಖ್ಯೆಗಳಿಗೆ ಹೋದರೆ, ಸ್ಥಿರಾಂಕವಲ್ಲದ ಪ್ರತಿಯೊಂದು ಬಹುಪದೋಕ್ತಿಗೂ ಮೂಲ ಸಿಗುತ್ತದೆ; ಪರ್ಯಾಯ ವಿದ್ಯುತ್ತಿನ ಲೆಕ್ಕ ಸಲೀಸಾಗುತ್ತದೆ. ಆದರೆ ಕೂಡುವ, ಗುಣಿಸುವ ನಿಯಮಗಳಿಗೆ ಹೊಂದುವಂತೆ ಸಂಖ್ಯೆಗಳನ್ನು ಚಿಕ್ಕದು ದೊಡ್ಡದು ಎಂದು ಸಾಲಾಗಿ ನಿಲ್ಲಿಸುವ ಸೌಕರ್ಯ ಕೈಬಿಟ್ಟುಹೋಗುತ್ತದೆ. ಇನ್ನು, ಪ್ರಯೋಜನದ ನಿರ್ಧಾರವೆಂದರೆ ಮನಸ್ಸಿಗೆ ಬಂದಂತೆ ಎಂದೂ ಅಲ್ಲ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದೇ ಸಂಖ್ಯೆ ಉಳಿಯುತ್ತದೆ ಎಂದು ಸಾಮಾನ್ಯವಾಗಿ ಅರ್ಥೈಸಲಾಗುವ ನಿಯಮವೊಂದು ಅದೇ ಗಣಿತಸಾರಸಂಗ್ರಹದಲ್ಲಿದೆ. ಭಾಗಾಕಾರವು ಗುಣಾಕಾರದ ತಿರುಗುಮುರುಗು ಎಂಬ ನಿಯಮದ ಪಕ್ಕದಲ್ಲಿ ಅದನ್ನಿಟ್ಟರೆ, ಪ್ರತಿಯೊಂದು ಸಂಖ್ಯೆಯೂ ಸೊನ್ನೆಗೆ ಸಮ ಎಂದು ಎರಡೇ ಹೆಜ್ಜೆಯಲ್ಲಿ ಹೊರಬರುತ್ತದೆ. ಚೌಕಟ್ಟು ಕುಸಿಯುತ್ತದೆ. ಸಹಿಷ್ಣುತೆಯ ತತ್ತ್ವವೆಂದು ಕಾರ್ನಾಪ್ 1934ರಲ್ಲಿ ಹೇಳಿದ್ದು ಇದನ್ನೇ: ಯಾವ ಭಾಷಾರೂಪವನ್ನು ಬೇಕಾದರೂ ಕಟ್ಟಿಕೊಳ್ಳಿ, ಆದರೆ ನಿಯಮಗಳನ್ನು ಬಿಚ್ಚಿ ಹೇಳಿ.

ಈಗ ಕ್ವೈನ್. ವಿಲ್ಲರ್ಡ್ ಕ್ವೈನ್ ಕಾರ್ನಾಪರ ಮೆಚ್ಚಿನ ವಿಮರ್ಶಕರು, ಒಂದರ್ಥದಲ್ಲಿ ಶಿಷ್ಯರೂ ಹೌದು. 1947ರಲ್ಲಿ ನೆಲ್ಸನ್ ಗುಡ್‌ಮನ್ ಜೊತೆ ಸೇರಿ ಬರೆದ ಲೇಖನವನ್ನು ‘ನಾವು ಅಮೂರ್ತ ವಸ್ತುಗಳನ್ನು ನಂಬುವುದಿಲ್ಲ’ ಎಂದೇ ಆರಂಭಿಸಿದ್ದ ಕ್ವೈನ್, ಮುಂದೆ ವಿಜ್ಞಾನಕ್ಕೆ ಗಣಿತ ಅನಿವಾರ್ಯವಾದ್ದರಿಂದ ಗಣಗಳನ್ನಾದರೂ (ಸೆಟ್‌ಗಳನ್ನಾದರೂ) ಒಪ್ಪಲೇಬೇಕೆಂದು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡರು. 1951ರಲ್ಲಿ ಅವರು ಕಾರ್ನಾಪರ ಮೇಲೆ ಎತ್ತಿದ ಆಕ್ಷೇಪ ಎರಡು ಹಂತದ್ದು. ‘ಸಂಖ್ಯೆಗಳಿವೆಯೇ’ ಎಂಬುದು ಹೊರಗಿನ ಪ್ರಶ್ನೆಯಂತೆ ಕಾಣುವುದು ಸಂಖ್ಯೆಗಳಿಗೆಂದೇ ಪ್ರತ್ಯೇಕ ಚರಾಕ್ಷರಗಳನ್ನು ಇಟ್ಟುಕೊಂಡಿರುವುದರಿಂದ ಮಾತ್ರ. ಎಲ್ಲ ವಸ್ತುಗಳಿಗೂ ಒಂದೇ ಬಗೆಯ ಚರಾಕ್ಷರ ಬಳಸಿದರೆ ಅದು ‘ಕಪ್ಪು ಹಂಸಗಳಿವೆಯೇ’ ಎಂಬಂಥ ಇನ್ನೊಂದು ಒಳಗಿನ ಪ್ರಶ್ನೆಯಾಗಿಬಿಡುತ್ತದೆ ಎಂಬುದು ಮೊದಲನೆಯದು. ಚೌಕಟ್ಟಿನ ನಿಯಮದಿಂದ ಮಾತ್ರ ಸತ್ಯವಾಗುವ ವಾಕ್ಯಗಳನ್ನೂ ಜಗತ್ತಿನ ಸಂಗತಿಯಿಂದ ಸತ್ಯವಾಗುವ ವಾಕ್ಯಗಳನ್ನೂ ಬೇರ್ಪಡಿಸುವ ಗಟ್ಟಿ ಗೆರೆ ಇಲ್ಲ, ನಮ್ಮ ಎಲ್ಲ ವಾಕ್ಯಗಳೂ ಒಂದೇ ಬಲೆಯಾಗಿ ಅನುಭವವನ್ನು ಎದುರಿಸುತ್ತವೆ ಎಂಬುದು ಎರಡನೆಯದು.

ಮೊದಲ ಆಕ್ಷೇಪ ಜಾಣತನದ್ದೇ ಹೊರತು ಅಷ್ಟು ಆಳದ್ದಲ್ಲವೆಂದು ನನಗನಿಸುತ್ತದೆ. ಚರಾಕ್ಷರಗಳನ್ನು ಒಂದೇ ಬಗೆಯದಾಗಿ ಮಾಡಿದ ಮಾತ್ರಕ್ಕೆ, ಹಂಸವನ್ನು ಹುಡುಕುವ ವಿಧಾನವೂ ಅವಿಭಾಜ್ಯವನ್ನು ಹುಡುಕುವ ವಿಧಾನವೂ ಒಂದಾಗುವುದಿಲ್ಲ. ಕಾರ್ನಾಪರಿಗೆ ಬೇಕಿದ್ದದ್ದು ಆ ವಿಧಾನಗಳ ವ್ಯತ್ಯಾಸವೇ. ಎರಡನೆಯದು ಗಂಭೀರವಾದದ್ದು. ಆದರೆ ಅದು ಗೆದ್ದರೂ ಕ್ವೈನ್‌ಗೆ ದಕ್ಕುವುದು ಏನು? ಚೌಕಟ್ಟಿನ ಆಯ್ಕೆ ಪ್ರಯೋಜನದ ವಿಷಯ ಎಂದರು ಕಾರ್ನಾಪ್. ಹಾಗಾದರೆ ವಿಜ್ಞಾನದ ಸಿದ್ಧಾಂತದ ಆಯ್ಕೆಯೂ ಅಷ್ಟೇ ಪ್ರಯೋಜನದ ವಿಷಯ ಎಂದರು ಕ್ವೈನ್. ಪ್ಲೇಟೋನ ಲೋಕದ ನೇರ ದರ್ಶನ ಇಬ್ಬರಿಗೂ ಬೇಡ. ಕ್ವೈನ್ ಕಾರ್ನಾಪರನ್ನು ಸೋಲಿಸಿ ತತ್ತ್ವಮೀಮಾಂಸೆಯನ್ನು ಮತ್ತೆ ಪಟ್ಟಕ್ಕೆ ಕೂರಿಸಿದರೆಂಬ ಜನಪ್ರಿಯ ಕಥೆಯನ್ನು ಅದರ ಉಪ್ಪುಖಾರ ಸ್ವಲ್ಪ ಕಳೆದು ಓದುವುದು ಒಳ್ಳೆಯದು.

ನನ್ನ ದೃಷ್ಟಿಯಲ್ಲಿ ಕಾರ್ನಾಪರಿಗೆ ನಿಜವಾಗಿ ಕಷ್ಟ ಕೊಡುವವು ಬೇರೆ ಎರಡು ಸಂಗತಿಗಳು. ಒಂದು ಪರಮಾಣು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಪರಮಾಣುಗಳ ಭಾಷೆ ರಸಾಯನಶಾಸ್ತ್ರದಲ್ಲಿ ಧಾರಾಳವಾಗಿ ಬಳಕೆಯಲ್ಲಿತ್ತು, ಅದರ ಪ್ರಯೋಜನದ ಬಗ್ಗೆ ಅನುಮಾನವಿರಲಿಲ್ಲ. ಹಾಗಿದ್ದೂ ವಿಲ್ಹೆಲ್ಮ್ ಓಸ್ಟ್ವಾಲ್ಡ್, ಅರ್ನ್ಸ್ಟ್ ಮಾಕ್ ಮುಂತಾದವರು ಅವು ನಿಜಕ್ಕೂ ಇವೆಯೆಂದು ಒಪ್ಪಿರಲಿಲ್ಲ. ಬ್ರೌನಿಯನ್ ಚಲನೆಯ, ಅಂದರೆ ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳ ಅಡ್ಡಾದಿಡ್ಡಿ ಓಡಾಟದ ಬಗ್ಗೆ ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ಲೆಕ್ಕವನ್ನು ಝಾನ್ ಪೆರಾಂ 1908ರಿಂದ ನಡೆಸಿದ ಪ್ರಯೋಗಗಳು ದೃಢಪಡಿಸಿದ ಮೇಲೆ ಓಸ್ಟ್ವಾಲ್ಡ್ ಮನಸ್ಸು ಬದಲಿಸಿದರು. ಇಲ್ಲಿ ‘ನಿಜಕ್ಕೂ ಇವೆಯೇ’ ಎಂಬ ಪ್ರಶ್ನೆಗೆ ಅನುಕೂಲದ ಲೆಕ್ಕದಿಂದ ಉತ್ತರ ಬರಲಿಲ್ಲ, ಪ್ರಯೋಗಶಾಲೆಯಿಂದ ಬಂತು. ಪರಮಾಣುವಿನ ಪ್ರಶ್ನೆ ಮೊದಲಿನಿಂದಲೂ ಭೌತವಸ್ತುಗಳ ದೊಡ್ಡ ಚೌಕಟ್ಟಿನ ಒಳಗಿನದೇ ಆಗಿತ್ತು ಎಂದು ಕಾರ್ನಾಪರ ಪರವಾಗಿ ಹೇಳಬಹುದು, ಆದರೆ ಯಾವ ಚೌಕಟ್ಟು ಎಲ್ಲಿ ಮುಗಿಯುತ್ತದೆಂದು ಘಟನೆ ನಡೆದ ಮೇಲೆಯೇ ಗೆರೆ ಎಳೆಯುವುದಾದರೆ ಆ ಗೆರೆಯ ಬೆಲೆ ಕುಗ್ಗುತ್ತದೆ. (ವಿಯೆನ್ನಾ ವೃತ್ತದವರು 1928ರಲ್ಲಿ ಕಟ್ಟಿದ ಸಾರ್ವಜನಿಕ ಸಂಘಕ್ಕೆ ಇಟ್ಟದ್ದು ಪರಮಾಣುವನ್ನು ಕಡೆಯವರೆಗೂ ಅನುಮಾನಿಸಿದ ಮಾಕ್ ಅವರ ಹೆಸರನ್ನೇ.)

ಎರಡನೆಯದು ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ ಎತ್ತಿದ ತೊಡಕು. ಗಣಿತವು ಭಾಷೆಯ ನಿಯಮಗಳ ಮಾತ್ರದಿಂದ ಸತ್ಯವೆಂದೂ ಜಗತ್ತಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲವೆಂದೂ ಹೇಳಬೇಕಾದರೆ, ಆ ನಿಯಮಗಳು ಪರಸ್ಪರ ವಿರೋಧಿಸುವುದಿಲ್ಲವೆಂದು ಮೊದಲು ಗೊತ್ತಿರಬೇಕು. ಸೊನ್ನೆಯ ಭಾಗಾಕಾರದ ಉದಾಹರಣೆ ಇದಕ್ಕಾಗಿಯೇ ಮುಖ್ಯ, ಏಕೆಂದರೆ ವಿರೋಧವಿರುವ ನಿಯಮಗಳಿಂದ ಏನು ಬೇಕಾದರೂ ಹೊರಡುತ್ತದೆ, ಜಗತ್ತಿನ ಬಗೆಗಿನ ಸುಳ್ಳುಗಳು ಕೂಡ. ಆದರೆ ಅಂಕಗಣಿತವನ್ನು ಒಳಗೊಂಡ ನಿಯಮವ್ಯವಸ್ಥೆಯ ಅವಿರೋಧವನ್ನು ಅದರ ಸ್ವಂತ ಬಲದಿಂದಲೇ ಸಾಧಿಸಲಾಗದೆಂದು ಗೋಡೆಲ್ 1931ರಲ್ಲಿಯೇ ತೋರಿಸಿದ್ದರು. ಸಾಧಿಸಲು ಇನ್ನೂ ಮೇಲಿನ ಗಣಿತ ಬೇಕು. ಹಾಗಾದರೆ ಭಾಷೆಯ ಆಯ್ಕೆಗೂ ಮುಂಚೆಯೇ ನಾವು ಗಣಿತವನ್ನು ನಂಬಿರುತ್ತೇವೆ. 1953ರಿಂದ ಆರಂಭಿಸಿ ಈ ವಾದವನ್ನು ಗೋಡೆಲ್ ಆರು ಕರಡುಗಳಲ್ಲಿ ತಿದ್ದಿದರು, ತೃಪ್ತಿಯಾಗದೆ ಪ್ರಕಟಿಸಲೇ ಇಲ್ಲ. ಅದು ಸೇರಬೇಕಿದ್ದ, ಕಾರ್ನಾಪರ ತತ್ತ್ವಜ್ಞಾನದ ಮೇಲಿನ ದೊಡ್ಡ ಸಂಪುಟ 1963ರಲ್ಲಿ ಅದಿಲ್ಲದೆಯೇ ಹೊರಬಂತು. ಅವಿರೋಧದ ಬಗ್ಗೆ ನಮಗಿರುವುದು ಖಚಿತ ಜ್ಞಾನವಲ್ಲ, ದೀರ್ಘ ಬಳಕೆಯಿಂದ ಬಂದ ಭರವಸೆ ಎಂದು ಒಪ್ಪಿಕೊಂಡು ಕಾರ್ನಾಪ್ ಮುಂದೆ ಸಾಗಬಹುದು. ಅನುಭವವಾದಿಗೆ ಆ ಒಪ್ಪಿಗೆ ಅವಮಾನವೇನಲ್ಲ. ಆದರೆ ಅಲ್ಲಿಗೆ ಮಿಲ್‌ನ ಕಲ್ಲುಹರಳುಗಳ ಸದ್ದು ಮತ್ತೆ ಸಣ್ಣಗೆ ಕೇಳಿಸತೊಡಗುತ್ತದೆ.

ಸ್ಯಾದ್ವಾದದ ಹೋಲಿಕೆಯನ್ನು ನಾನು ಒಪ್ಪಲಾರೆ. ‘ಒಂದು ದೃಷ್ಟಿಯಿಂದ ಇದೆ, ಇನ್ನೊಂದು ದೃಷ್ಟಿಯಿಂದ ಇಲ್ಲ’ ಎಂಬ ಮಾತಿನ ಧಾಟಿ ಒಂದೇ ರೀತಿ ಕೇಳಿಸುತ್ತದೆ, ನಿಜ. ಆದರೆ ಜೈನರು ಹಾಗೆ ಹೇಳಲು ಕಾರಣ ವಸ್ತುವೇ ಅನೇಕಾಂತವಾದದ್ದು, ಅನಂತ ಧರ್ಮಗಳುಳ್ಳದ್ದು ಎಂಬ ನಿಲುವು. ಅದು ಚೌಕಟ್ಟಿನ ಹೊರಗೆ ನಿಂತು ವಸ್ತುಸ್ವರೂಪದ ಬಗ್ಗೆ ಆಡಿದ ದೊಡ್ಡ ಮಾತು, ಕಾರ್ನಾಪ್ ಆಡಬಾರದೆನ್ನುವುದು ನಿಖರವಾಗಿ ಅಂಥ ಮಾತನ್ನು. ಅದೇ ಕಾರಣಕ್ಕೆ, ಗೋವುಗಳಲ್ಲೆಲ್ಲ ನೆಲೆಸಿದ ಗೋತ್ವವೆಂಬ ಜಾತಿ (ಸಾಮಾನ್ಯ ಧರ್ಮ) ನಿಜಕ್ಕೂ ಇದೆಯೆಂದ ನ್ಯಾಯದರ್ಶನದ ನೈಯಾಯಿಕರಿಗೂ, ಅಂಥದ್ದಿಲ್ಲ, ‘ಗೋವಲ್ಲದ್ದರಿಂದ ಬೇರೆ’ ಎಂಬ ಅಪೋಹವಷ್ಟೇ ಇರುವುದು ಎಂದ ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಗಳಿಗೂ ಕಾರ್ನಾಪರಲ್ಲಿ ಸಮಾನ ನಿರಾಸೆ ಕಾದಿದೆ. ಇದೆ ಎನ್ನುವವರನ್ನು ಮಾತ್ರ ಅವರು ನಿಲ್ಲಿಸಿ ಪ್ರಶ್ನಿಸುತ್ತಾರೆಂದು ಅನೇಕ ಅನುಭವವಾದಿಗಳು ಭಾವಿಸುತ್ತಾರೆ. ಇಲ್ಲ ಎನ್ನುವವರನ್ನೂ ಅಷ್ಟೇ ನಿಷ್ಠುರವಾಗಿ ಪ್ರಶ್ನಿಸುತ್ತಾರೆ.

ನಿಮಗೆ ಇದರಿಂದ ತಗಲುವ ಬೆಲೆಯೂ ಅದೇ. ಕರಿಹಲಗೆಯ ಮೇಲೆ ‘ಅಸ್ತಿತ್ವದಲ್ಲಿದೆ’ ಎಂದು ಬರೆಯಲು ನೀವು ಸಂಕೋಚಪಡಬೇಕಾಗಿಲ್ಲ, ಅನುಭವವಾದವನ್ನು ಬಿಡಬೇಕಾಗಿಯೂ ಇಲ್ಲ. ಆದರೆ ತರಗತಿ ಮುಗಿದ ಮೇಲೆ ಹೊರಗೆ ಬಂದು ‘ಅವೆಲ್ಲ ನಿಜಕ್ಕೂ ಇಲ್ಲ, ಬರೀ ಸಂಕೇತಗಳು’ ಎಂದು ಹೇಳುವ ಸುಖವನ್ನು ಬಿಟ್ಟುಕೊಡಬೇಕು. ಋಣ ಒಂದರ ವರ್ಗಮೂಲ ಇದೆಯೇ ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದರೆ, ಯಾವ ಸಂಖ್ಯೆಗಳಲ್ಲಿ ಎಂದು ಅವಳನ್ನೇ ಕೇಳಿ. ಹಾಗಾದರೆ ನಮಗೆ ಆ ಸಂಖ್ಯೆಗಳೇಕೆ ಬೇಕು ಎಂದು ಅವಳು ತಿರುಗಿ ಕೇಳಿದರೆ ಬೊಂಬೆಲ್ಲಿಯ ಸಮೀಕರಣವನ್ನು ಬರೆದುಕೊಡಿ.